ಫಿಲ್‌ಹಾರ್ಮೋನಿಯಾ, ಲಂಡನ್: ಮೈಸೂರಿನ ಋಣವಿರುವ ವಾದ್ಯವೃಂದವನ್ನು ಎಲ್ಲಿ ಕೂತು ಕೇಳಬೇಕು

ವಾಟರ್‌ಲೂ ನಿಲ್ದಾಣದಿಂದ ಐದು ನಿಮಿಷ ನಡೆದರೆ ಥೇಮ್ಸ್ ದಂಡೆಯ ರಾಯಲ್ ಫೆಸ್ಟಿವಲ್ ಹಾಲ್ ಸಿಗುತ್ತದೆ. 1995ರಿಂದ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದ ಮನೆ ಇದೇ. ಪಾಶ್ಚಾತ್ಯ ಸಂಗೀತದ ಗಂಧಗಾಳಿ ಇಲ್ಲದವರೂ ಒಂದು ಸಂಜೆ ಇಲ್ಲಿಗೆ ಹೋಗಿಬರಬೇಕು. ಆದರೆ ಟಿಕೆಟ್ ಕೊಳ್ಳುವ ಮೊದಲು ಸೀಟಿನ ನಕ್ಷೆಯನ್ನು ಚೆನ್ನಾಗಿ ನೋಡಿ. ನಿಮ್ಮ ಕಿವಿಗೆ ಬೀಳುವ ಸಂಗೀತದ ಅರ್ಧ ಅಲ್ಲೇ ತೀರ್ಮಾನವಾಗುತ್ತದೆ.

ಕಾರಣ ಕಟ್ಟಡದಲ್ಲಿದೆ. 1951ರಲ್ಲಿ ತೆರೆದ ಈ ಸಭಾಂಗಣದ ಪಕ್ಕದಲ್ಲೇ ರೈಲು ಸೇತುವೆ ಹಾದುಹೋಗುತ್ತದೆ. ಆ ಗದ್ದಲ ಒಳಗೆ ಬರಬಾರದೆಂದು ಇಡೀ ಸಭಾಂಗಣವನ್ನು ಕಂಬಗಳ ಮೇಲೆ ಎತ್ತಿ, ಕೆಳಗೆ ವಿಶಾಲವಾದ ಹಜಾರ ಬಿಟ್ಟರು. ಹೊರಗಿನ ಸದ್ದೇನೋ ನಿಂತಿತು, ಆದರೆ ಒಳಗಿನ ನಾದ ಅಂದುಕೊಂಡದ್ದಕ್ಕಿಂತ ಒಣಗಿತು. ಸ್ವರ ಹುಟ್ಟಿದ ಮೇಲೆ ಗಾಳಿಯಲ್ಲಿ ಸ್ವಲ್ಪ ಹೊತ್ತು ಉಳಿಯಬೇಕು, ಇಲ್ಲಿ ಬೇಗ ಆರಿಹೋಗುತ್ತಿತ್ತು. ಅರವತ್ತರ ದಶಕದಲ್ಲಿ ಚಾವಣಿಯಲ್ಲಿ ಮೈಕು, ಸ್ಪೀಕರುಗಳನ್ನು ಅಡಗಿಸಿ ಅನುರಣನ ಹೆಚ್ಚಿಸಲು ನೋಡಿದರು. 2005ರಿಂದ 2007ರವರೆಗೆ ಬಾಗಿಲು ಮುಚ್ಚಿ ಒಳಭಾಗವನ್ನೇ ತಿದ್ದಿದರು. ಈಗ ಮೊದಲಿಗಿಂತ ಎಷ್ಟೋ ವಾಸಿ. ಆದರೂ ಇದು ತುಂಬು ನಾದದ ಹಾಲ್ ಅಲ್ಲ, ಸ್ಪಷ್ಟ ನಾದದ ಹಾಲ್. ಸುಮಾರು 2,700 ಸೀಟುಗಳಿಗೂ ಮೈಕಿಲ್ಲದೆ ಸಂಗೀತ ತಲುಪಬೇಕು ಅನ್ನುವುದು ನೆನಪಿರಲಿ. ನಮ್ಮ ಸಭೆಗಳ ಸ್ಪೀಕರಿಗೆ ಒಗ್ಗಿದ ಕಿವಿಗೆ ಮೊದಲ ಹತ್ತು ನಿಮಿಷ ಸದ್ದು ಕಡಿಮೆ ಅನ್ನಿಸುತ್ತದೆ, ಆಮೇಲೆ ಕಿವಿ ತಾನೇ ತೆರೆದುಕೊಳ್ಳುತ್ತದೆ.

ಸ್ಟಾಲ್ಸಿನ, ಅಂದರೆ ಕೆಳಹಂತದ ಸೀಟುಗಳ, ಕೊನೆಯ ಸಾಲುಗಳನ್ನು ಬಿಡಿ. ತಲೆಯ ಮೇಲೆ ಬಾಲ್ಕನಿ ಚಾಚಿಕೊಂಡಿರುವುದರಿಂದ ಮೇಲಿನಿಂದ ಬರಬೇಕಾದ ನಾದ ತಡೆದುಹೋಗಿ ಪಿಟೀಲುಗಳು ತೆಳ್ಳಗೆ ಕೇಳುತ್ತವೆ. ಬಾಲ್ಕನಿಯ ಮುಂದಿನ ಸಾಲುಗಳಲ್ಲಿ ಎಲ್ಲವೂ ಹದವಾಗಿ ಬೆರೆತು ಬರುತ್ತದೆ. ಕೈಲಿ ದುಡ್ಡು ಕಡಿಮೆ ಇದ್ದರೆ ವೇದಿಕೆಯ ಹಿಂದಿನ ಕಾಯರ್ ಸೀಟು ನೋಡಿ. ಗಾಯಕವೃಂದ ಬೇಕಿಲ್ಲದ ದಿನಗಳಲ್ಲಿ ಅವನ್ನು ಮಾರುತ್ತಾರೆ. ಟಿಂಪನಿ ಎಂಬ ದೊಡ್ಡ ನಗಾರಿಗಳು, ಟ್ರಾಂಬೋನ್ ಎಂಬ ಹಿತ್ತಾಳೆಯ ಊದುವಾದ್ಯಗಳು ಎದುರಿಗೇ ಇರುವುದರಿಂದ ನಾದದ ತೂಕ ತಪ್ಪುವುದು ನಿಜ. ಆದರೆ ವೃಂದವನ್ನು ನಡೆಸುವ ಕಂಡಕ್ಟರಿನ ಮುಖ ಪೂರ್ತಿ ಕಾಣುವುದು ಅಲ್ಲಿ ಮಾತ್ರ. ಎಡಗೈ ಬೆರಳು ಇಷ್ಟೇ ಮಡಿಸಿದಾಗ ಹದಿನಾಲ್ಕು ಪಿಟೀಲುಗಳು ಒಟ್ಟಿಗೆ ತಗ್ಗುವುದನ್ನು ಅಲ್ಲಿಂದ ನೋಡಬೇಕು! ಒಬ್ಬರೇ ಗಾಯಕರು ಹಾಡುವ ಕಾರ್ಯಕ್ರಮಕ್ಕೆ ಮಾತ್ರ ಅಲ್ಲಿ ಕೂರಬೇಡಿ. ದನಿ ಆಚೆ ಕಡೆಗೆ ಹೋಗುತ್ತದೆ, ನಿಮಗೆ ಬೆನ್ನಷ್ಟೇ.

ಶುರುವಿಗೆ ಮುಂಚೆ ಓಬೋ ಎಂಬ ಊದುವಾದ್ಯ ಒಂದೇ ಸ್ವರವನ್ನು ಎಳೆದು ಹಿಡಿಯುತ್ತದೆ. ಅದರ ನಾದ ಸ್ಥಿರ, ಗುಂಪಿನ ನಡುವೆಯೂ ತೂರಿಬರುತ್ತದೆ. ಎಲ್ಲರೂ ಅದಕ್ಕೆ ಶ್ರುತಿ ಸೇರಿಸುತ್ತಾರೆ. ನಮ್ಮ ಕೇಳುಗರು ಎಡವುವುದು ಇದರ ನಂತರ. ಶ್ರುತಿ ಸೇರಿತು ಅಂದಮೇಲೆ ತಂಬೂರಿಯ ಹಾಗೆ ಆಧಾರಷಡ್ಜ ಹಿಂದೆ ಮೀಟುತ್ತಲೇ ಇರುತ್ತದೆ ಅನ್ನುವ ನಿರೀಕ್ಷೆ ನಮ್ಮದು. ಇಲ್ಲಿ ಆಧಾರಸ್ವರವೇ ಜಾಗ ಬದಲಿಸುತ್ತಾ ಹೋಗುತ್ತದೆ. ಆಗ ಮೇಲಿನ ಮಟ್ಟಿನ ಬೆನ್ನುಹತ್ತದೆ, ಡಬಲ್ ಬೇಸ್ ಎಂಬ ತಗ್ಗುದನಿಯ ದೊಡ್ಡ ತಂತಿವಾದ್ಯದ ಜಾಡು ಹಿಡಿದು ಕೇಳಿ, ದಾರಿ ಸಿಗುತ್ತದೆ.

ಚಪ್ಪಾಳೆಯ ವಿಷಯ ಸರಳ: ಇಡೀ ವೃಂದಕ್ಕೆಂದು ಬರೆದ ದೊಡ್ಡ ಕೃತಿಯಾದ ಸಿಂಫನಿಗೆ ಸಾಮಾನ್ಯವಾಗಿ ನಾಲ್ಕು ಭಾಗ, ನಡುವೆ ತಟ್ಟುವುದಿಲ್ಲ. ಚೈಕೋವ್‌ಸ್ಕಿಯ ಆರನೆಯ ಸಿಂಫನಿಯಲ್ಲಿ ಮೂರನೇ ಭಾಗವೇ ಮಂಗಳದ ಹಾಗೆ ಅಬ್ಬರಿಸಿ ನಿಲ್ಲುವುದರಿಂದ ಬಲ್ಲವರೂ ಮೋಸಹೋಗುತ್ತಾರೆ. ತಡವಾಗಿ ಬಂದರೆ ಮೊದಲ ಕೃತಿ ಮುಗಿಯುವವರೆಗೆ ಹೊರಗೇ ನಿಲ್ಲಬೇಕಾದೀತು. ಇಪ್ಪತ್ತು ನಿಮಿಷ ಮೊದಲೇ ಬನ್ನಿ. ಗಾಜಿನ ಲಿಫ್ಟ್ ಹತ್ತಲು ಮರೆಯಬೇಡಿ, ಅದು ಮೇಲೇರಿದಂತೆ ಧ್ವನಿಮುದ್ರಿತ ಗಾಯಕವೃಂದ ಆರೋಹಣ ಹಾಡುತ್ತದೆ, ಇಳಿಯುವಾಗ ಅವರೋಹಣ.

ಇನ್ನು ಋಣದ ಮಾತು. ರೆಕಾರ್ಡ್ ನಿರ್ಮಾಪಕ ವಾಲ್ಟರ್ ಲೆಗ್ 1945ರಲ್ಲಿ ಈ ವೃಂದ ಕಟ್ಟಿದರು. ರೆಕಾರ್ಡಿಂಗ್ ಆದಾಯವೇ ಆಧಾರ, ಸಾರ್ವಜನಿಕ ಕಛೇರಿಗಳಿಗೆ ಹಣ ಸಾಲದು. ಆಗ ಕೈಹಿಡಿದವರಲ್ಲಿ ಪ್ರಮುಖರು ನಮ್ಮ ಜಯಚಾಮರಾಜೇಂದ್ರ ಒಡೆಯರ್. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದ ಅದೇ ಮಹಾರಾಜರು 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಷ್ಯದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವರ ಕೃತಿಗಳ ಧ್ವನಿಮುದ್ರಣಕ್ಕೂ ಹಣ ಕೊಟ್ಟರು. ಮೆಟ್ನರ್ ಪಿಯಾನೋ ಮತ್ತು ವೃಂದ ಸೇರಿ ನುಡಿಸುವ ತಮ್ಮ ಮೂರನೇ ಪಿಯಾನೋ ಕನ್ಸರ್ಟೊವನ್ನು ಅವರಿಗೇ ಅರ್ಪಿಸಿದ್ದಾರೆ. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಜರ್ಮನಿಯ ರಚನಕಾರ ರಿಚರ್ಡ್ ಸ್ಟ್ರಾಸ್‌ನ ‘ಕೊನೆಯ ನಾಲ್ಕು ಹಾಡುಗಳು’ ಮೊದಲ ಬಾರಿ ಕೇಳಿಬಂದದ್ದು ಮಹಾರಾಜರ ಹಣದ ಖಾತರಿಯಿಂದ. ಹಾಡಿದ್ದು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನುಡಿಸಿದ್ದು ಇದೇ ವೃಂದ, ನಡೆಸಿದ್ದು ಫುರ್ಟ್‌ವೆಂಗ್ಲರ್.

1964ರಲ್ಲಿ ಲೆಗ್ ವೃಂದವನ್ನು ನಿಲ್ಲಿಸಲು ಹೊರಟಾಗ ವಾದಕರು ಒಪ್ಪಲಿಲ್ಲ. ತಾವೇ ಆಡಳಿತ ಕೈಗೆತ್ತಿಕೊಂಡು ನ್ಯೂ ಫಿಲ್‌ಹಾರ್ಮೋನಿಯಾ ಎಂದು ಮುಂದುವರಿಸಿದರು, ಹಳೆಯ ಹೆಸರು 1977ರಲ್ಲಿ ಮರಳಿತು. ಇಂದಿಗೂ ಅವರಿಗೆ ತಿಂಗಳ ಸಂಬಳವಿಲ್ಲ, ನುಡಿಸಿದ ದಿನಕ್ಕೆ ಸಂಭಾವನೆ. ಹಾಗಾಗಿ ತಾಲೀಮಿನ ದಿನಗಳು ಕಡಿಮೆ. ಸ್ವರಲಿಪಿಯ ಹಾಳೆ ನೋಡಿದೊಡನೆ ನುಡಿಸುವ ಇವರ ಚುರುಕು ಅಲ್ಲಿಂದ ಬಂದದ್ದು.

ಊರಿಗೆ ಇವರು ಸಲ್ಲಿಸುವುದು ಬರೀ ಕಛೇರಿಯಲ್ಲ. ಶಾಲಾಮಕ್ಕಳಿಗೆಂದೇ ಕಾರ್ಯಕ್ರಮ ಮಾಡುತ್ತಾರೆ. ಬೆಡ್‌ಫರ್ಡಿನಲ್ಲಿ ಮರೆವಿನ ಕಾಯಿಲೆಯ ಹಿರಿಯರನ್ನೂ ಎಳೆಯರನ್ನೂ ಜೊತೆಗೆ ಕೂರಿಸಿ ಹೊಸ ಸಂಗೀತ ಕಟ್ಟಿಸಿದ್ದಾರೆ. ವಾದ್ಯಗಳ ಸಾವಿರಾರು ಧ್ವನಿತುಣುಕುಗಳನ್ನು ಉಚಿತವಾಗಿ ಬಿಟ್ಟಿದ್ದಾರೆ. ಬೆಂಗಳೂರಿನಲ್ಲಿ ಕೂತು ಸಂಗೀತ ಸಂಯೋಜಿಸುವವರೂ ಇಳಿಸಿಕೊಳ್ಳಬಹುದು.

ಲೆಸ್ಟರ್ ಸುತ್ತಮುತ್ತ ಇರುವ ಕನ್ನಡಿಗರು ಇದಕ್ಕಾಗಿ ಲಂಡನ್ನಿಗೆ ಬರಲೇಬೇಕೆಂದಿಲ್ಲ. ಅಲ್ಲಿನ 1913ರ ಡಿ ಮಾಂಟ್‌ಫರ್ಟ್ ಹಾಲಿಗೂ ವೃಂದ ಪ್ರತಿ ವರ್ಷದ ಕಛೇರಿ ಸರಣಿಯಲ್ಲಿ ಹೋಗುತ್ತದೆ. ಲಂಡನ್ನಿನಲ್ಲಿ ನುಡಿಸಿದ ಕಾರ್ಯಕ್ರಮವೇ ಎಷ್ಟೋ ಸಲ ಅಲ್ಲೂ ಇರುತ್ತದೆ. ಎರಡೂ ಕಡೆ ಇದ್ದರೆ ಎರಡನೆಯ ದಿನದ್ದನ್ನು ಆರಿಸಿ, ಅಷ್ಟರಲ್ಲಿ ವಾದಕರ ಕೈ ಪಳಗಿರುತ್ತದೆ.