ತರಕಾರಿ ತೊಳೆಯುವ ದ್ರವ: ಕೋಸಿಗೆ ಸರಿ, ಕ್ಯಾರೆಟ್‌ಗೆ ದಂಡ

ಮೈಸೂರಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಸಿಗುವ ಈ ಬಾಟಲಿಗಳ ಬಳಕೆ ಹೆಚ್ಚುಕಮ್ಮಿ ಒಂದೇ: ನೀರಿಗೆ ಒಂದಿಷ್ಟು ದ್ರವ ಬೆರೆಸಿ, ಕೆಲವು ನಿಮಿಷ ನೆನೆಸಿ, ಮತ್ತೆ ತೊಳೆಯುವುದು. ಕೋಸು, ದ್ರಾಕ್ಷಿ, ಟೊಮೆಟೊ ಮೇಲೆ ಸಿಂಪಡಿಸಿದ ಔಷಧಿಯ ಪದರ ಇದರಿಂದ ಒಂದಷ್ಟು ಹೋಗುತ್ತದೆ. ತಕರಾರಿರುವುದು ಲೇಬಲ್ ಮೇಲೆ ಕ್ಯಾರೆಟ್ಟಿನ ಚಿತ್ರ ಹಾಕುವುದಕ್ಕೆ.

ಗಡ್ಡೆಗೆ ವಿಷ ಬರುವುದು ಮಣ್ಣಿನಿಂದ. ಗೆದ್ದಲು, ಗೊಣ್ಣೆಹುಳುವಿಗೆಂದು ಮಣ್ಣಿಗೆ ಸುರಿದ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಎಣ್ಣೆಯಂಶಕ್ಕೆ ಬೇಗ ಅಂಟುತ್ತದೆ. ಕ್ಯಾರೆಟ್ಟಿನ ಹೊರಪದರದಲ್ಲೇ ಸಣ್ಣ ಎಣ್ಣೆನಾಳಗಳಿವೆ. ವಿಷ ಅಲ್ಲಿಗೆ ಸೇರಿಕೊಂಡರೆ ಮೇಲಿನಿಂದ ಹಾಕಿದ ದ್ರವ ಮುಟ್ಟುವುದಿಲ್ಲ. ಆಲೂಗಡ್ಡೆಯಲ್ಲಿ ಬಹುಪಾಲು ಸಿಪ್ಪೆಯಲ್ಲೇ ನಿಲ್ಲುತ್ತದೆ. ಸಾವಯವ ಅಂಶ ಕಮ್ಮಿಯಿರುವ ಮರಳು ಮಿಶ್ರಿತ ಕೆಂಪು ಮಣ್ಣು, ಮಂಡ್ಯದ ಕಡೆ ಇದು ಸಾಕಷ್ಟಿದೆ, ವಿಷವನ್ನು ಹಿಡಿದಿಡದೆ ಬೇರಿಗೆ ಬಿಟ್ಟುಕೊಡುತ್ತದೆ. ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಬಿದ್ದ ಹೊಲದಲ್ಲಿ ಅದೇ ವಿಷ ಮಣ್ಣಿಗೇ ಅಂಟಿ ಉಳಿಯುತ್ತದೆ.

ಇಮಿಡಾಕ್ಲೋಪ್ರಿಡ್ ಎಂಬ ಇನ್ನೊಂದು ಕೀಟನಾಶಕದ ಸ್ವಭಾವ ಬೇರೆ. ಇದು ನೀರಿನ ಜೊತೆ ಬೇರಿನ ಮೂಲಕ ಎಲೆಗೆ ಏರುತ್ತದೆ. ಹಾಗಾಗಿ ಗಡ್ಡೆಗಿಂತ ಮೂಲಂಗಿ, ಬೀಟ್‌ರೂಟ್ ಸೊಪ್ಪಿನ ಮೇಲೆ ಹೆಚ್ಚು ಅನುಮಾನ ಇರಬೇಕು. ಒಳಗೆ ಸೇರಿದ್ದನ್ನು ತೊಳೆಯುವ ದ್ರವ ಯಾವುದೂ ಇಲ್ಲ. ಹಳ್ಳಿಗಳಲ್ಲಿ ಥಿಮೆಟ್ ಎಂದೇ ಕರೆಯುವ ಫೋರೇಟ್ ಹರಳೂ ಹೀಗೇ ಗಿಡದೊಳಗೆ ಹರಿಯುವಂಥದ್ದು. ಅದರ ಮಾರಾಟ, ಬಳಕೆ 2020ರ ಡಿಸೆಂಬರ್ ಕೊನೆಯಿಂದ ದೇಶದಲ್ಲಿ ನಿಷೇಧ.

ಹಾಗಾದರೆ ಗಡ್ಡೆಗೆ ಏನು ಮಾಡಬೇಕು? ಮೊದಲು ಬ್ರಷ್ಷಿನಿಂದ ಉಜ್ಜಿ ಮಣ್ಣು ಪೂರ್ತಿ ತೆಗೆಯಿರಿ. ಆಮೇಲೆ ಒಂದೆರಡು ಮಿಲಿಮೀಟರ್ ದಪ್ಪಕ್ಕೆ ಸಿಪ್ಪೆ ಹೆರೆಯಿರಿ, ಕ್ಯಾರೆಟ್ಟಿನ ತಲೆ ಕತ್ತರಿಸಿ ಬಿಸಾಡಿ. ತೊಳೆಯದೆ ಹೆರೆದರೆ ಮಣ್ಣು ಚಾಕುವಿನಿಂದ ತಿರುಳಿಗೆ ಹತ್ತುತ್ತದೆ, ಬಹಳ ಮನೆಗಳಲ್ಲಿ ಆಗುವ ಎಡವಟ್ಟು ಇದೇ. ನಾರಿನಂಶಕ್ಕೆಂದು ಸಿಪ್ಪೆ ಸಮೇತ ಕೋಸಂಬರಿ ಮಾಡುವವರಿಗೆ ಇಷ್ಟವಾಗದ ಮಾತು, ಗೊತ್ತು.

ಬಾಟಲಿಯ ಬದಲು ಅಡುಗೆ ಸೋಡಾ ಸಾಕು: ಲೀಟರ್ ನೀರಿಗೆ 10 ಗ್ರಾಂ, ಅಂದರೆ ಎರಡು ಟೀ ಚಮಚ, 12ರಿಂದ 15 ನಿಮಿಷ. 2017ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ ಇದು ಸೇಬಿನ ಮೇಲ್ಮೈಯ ಎರಡು ಔಷಧಿಗಳನ್ನು ತೆಗೆದುಹಾಕಿತು. ಸಿಪ್ಪೆಯೊಳಗೆ ಇಳಿದದ್ದು ಮಾತ್ರ ಅದಕ್ಕೂ ಜಗ್ಗಲಿಲ್ಲ.

ಕೋಸು, ದ್ರಾಕ್ಷಿಗಾದರೆ ಈ ದ್ರವಕ್ಕೆ ಐದರಲ್ಲಿ ಮೂರು ಅಂಕ, ಗಡ್ಡೆಗಳಿಗೆ ಒಂದು. ದೇವರಾಜ ಮಾರುಕಟ್ಟೆಯಲ್ಲಾಗಲಿ, ರೈತರಿಂದ ನೇರವಾಗಲಿ ಗಡ್ಡೆ ಕೊಳ್ಳುವಾಗ ಹೊಲದ ಹಿಂದಿನ ಬೆಳೆ ಯಾವುದೆಂದು ಕೇಳಿ. ಶುಂಠಿ ಎಂದರೆ ಮಣ್ಣಿಗೆ ಏನೇನು ಹಾಕಿದ್ದರು ಎಂಬುದನ್ನೂ ಕೇಳಿ, ಆ ಬೆಳೆಗೆ ಔಷಧಿಯನ್ನು ಮಣ್ಣಿಗೇ ಸುರಿಯುವುದುಂಟು.