ಹೋಟೆಲ್ ಗೋಡೆಯ ಮೇಲೆ ಅಫಿಡವಿಟ್: 2013ರಿಂದ ಮೈನೇತಾ ಬಳಸಿದ ಅನುಭವ

ಮಂಡ್ಯ ಜಿಲ್ಲೆಯ ನಮ್ಮೂರಿನ ಬಸ್ ಸ್ಟಾಪಿನ ಎದುರು ಒಂದು ಟೀ ಹೋಟೆಲ್ ಇದೆ. ಚುನಾವಣೆ ಬಂದಾಗ ಅದರ ಒಳಗೋಡೆಗೆ ನಾವು ನಾಲ್ಕು ಜನ ಗೆಳೆಯರು ಚಾರ್ಟ್ ಶೀಟ್ ಅಂಟಿಸುತ್ತೇವೆ. ನಮ್ಮ ಕ್ಷೇತ್ರದಲ್ಲಿ ನಿಂತಿರುವ ಎಲ್ಲರ ಹೆಸರು, ಓದು, ಆಸ್ತಿ, ಸಾಲ, ಕೇಸು. ಅಷ್ಟೇ. ಇವರಿಗೆ ಓಟು ಹಾಕಿ, ಅವರಿಗೆ ಹಾಕಬೇಡಿ ಅಂತ ಒಂದಕ್ಷರವೂ ಇರುವುದಿಲ್ಲ. 2013ರಲ್ಲಿ ಶುರು ಮಾಡಿದ ಕೆಲಸ ಇದು. ಮೂರು ವಿಧಾನಸಭೆ, ಮೂರು ಲೋಕಸಭೆ ಚುನಾವಣೆ ಆಯಿತು. ಇದಕ್ಕೆ ಬೇಕಾದ ಮಾಹಿತಿಯೆಲ್ಲ ನಮಗೆ ಸಿಕ್ಕಿದ್ದು ಇಂಟರ್‌ನೆಟ್ಟಿನಲ್ಲಿ, ಅದೂ ಒಂದು ರೂಪಾಯಿ ಖರ್ಚಿಲ್ಲದೆ. ಯಾವ ಜಾಲತಾಣ ಎಷ್ಟು ಉಪಯೋಗಕ್ಕೆ ಬಂತು, ಎಲ್ಲಿ ಎಚ್ಚರ ಬೇಕು ಅನ್ನುವುದನ್ನು ಬರೆಯುತ್ತಿದ್ದೇನೆ.

ನಾವು ಮೊದಲು ತೆರೆಯುವುದು ಮೈನೇತಾ, ಅಭ್ಯರ್ಥಿಗಳ ವಿವರ ಕೊಡುವ ಜಾಲತಾಣ. ಇದನ್ನು ನಡೆಸುವುದು ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್, ಅಂದರೆ ಎಡಿಆರ್. 1999ರಲ್ಲಿ ಅಹಮದಾಬಾದಿನ ಐಐಎಂನ ಕೆಲವು ಪ್ರಾಧ್ಯಾಪಕರು ಸೇರಿ ಕಟ್ಟಿದ ಸಂಸ್ಥೆ. ಅಭ್ಯರ್ಥಿ ತನ್ನ ಆಸ್ತಿ, ಓದು, ಕೇಸುಗಳನ್ನು ಪ್ರಮಾಣ ಮಾಡಿ, ಅಂದರೆ ಅಫಿಡವಿಟ್ ಕೊಟ್ಟು ಹೇಳಲೇಬೇಕು ಎಂದು ಅವರು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟ್ 2002ರ ಮೇ ತಿಂಗಳಲ್ಲಿ ಒಪ್ಪಿತು. ಅದನ್ನು ಸಡಿಲ ಮಾಡಲು ತಂದ ಕಾನೂನನ್ನು 2003ರ ಮಾರ್ಚಿನಲ್ಲಿ ಮತ್ತೆ ಕೋರ್ಟೇ ತೆಗೆದುಹಾಕಿತು. ಇವತ್ತು ನಮ್ಮ ಹೋಟೆಲಿನಲ್ಲಿ ಟೀ ಕುಡಿಯುತ್ತಾ ಒಬ್ಬರು ತಮ್ಮ ಶಾಸಕರ ಸಾಲ ಎಷ್ಟು ಅಂತ ಓದುತ್ತಾರಲ್ಲ, ಅದರ ಹಿಂದೆ ಆ ಹೋರಾಟ ಇದೆ. ನನಗೆ ಇದು ಬಹಳ ದೊಡ್ಡ ವಿಷಯ.

ಬಳಸುವುದು ಸುಲಭ. ರಾಜ್ಯ, ವರ್ಷ, ಜಿಲ್ಲೆ, ಕ್ಷೇತ್ರ ಹೀಗೆ ಒಂದೊಂದೇ ಒತ್ತುತ್ತಾ ಹೋದರೆ ಅಭ್ಯರ್ಥಿಗಳ ಪಟ್ಟಿ ಬರುತ್ತದೆ. ಒಬ್ಬರ ಹೆಸರು ಒತ್ತಿದರೆ ಚರ ಆಸ್ತಿ, ಸ್ಥಿರ ಆಸ್ತಿ, ಸಾಲ, ಆದಾಯ ತೆರಿಗೆ ವಿವರ, ಕೇಸುಗಳು ಒಂದೇ ಪುಟದಲ್ಲಿ ಸಿಗುತ್ತವೆ. ಹಿಂದಿನ ಸಲವೂ ನಿಂತಿದ್ದವರಾದರೆ ಆಗಿನ ಆಸ್ತಿ, ಈಗಿನ ಆಸ್ತಿ ಹೋಲಿಸಿ ನೋಡಬಹುದು. ಪುಟ ಮಾತ್ರ ಇಂಗ್ಲಿಷಿನಲ್ಲಿರುತ್ತದೆ. ಗೋಡೆಗೆ ಬರೆಯುವಾಗ ಕನ್ನಡ ಮಾಡಿಕೊಳ್ಳುವ ಕೆಲಸ ನಮ್ಮದು.

ಆದರೆ ಆ ಪುಟ ಒಂದು ಸಾರಾಂಶ. ಸ್ಕ್ಯಾನ್ ಆದ ಅಫಿಡವಿಟ್ ನೋಡಿ ಯಾರೋ ಟೈಪ್ ಮಾಡಿದ್ದು. ಕೆಲವು ಅಫಿಡವಿಟ್‌ಗಳು ಕೈಬರಹದವು, ಅದರ ಮೇಲೆ ನೋಟರಿ ಸೀಲು ಬೇರೆ ಬಿದ್ದಿರುತ್ತದೆ. ಮೂಲ ಅಫಿಡವಿಟ್ ನೋಡಿಕೊಳ್ಳಿ ಎಂದು ಮೈನೇತಾದವರೇ ಬರೆದಿದ್ದಾರೆ, ಅದಕ್ಕೆ ಕೊಂಡಿಯನ್ನೂ ಕೊಡುತ್ತಾರೆ. ಚುನಾವಣಾ ಆಯೋಗದ ಅಫಿಡವಿಟ್ ಪೋರ್ಟಲಿನಲ್ಲೂ ಮೂಲ ಪ್ರತಿ ಸಿಗುತ್ತದೆ. ಆ ಕೊಂಡಿ ಒತ್ತದೆ ಯಾರ ಬಗ್ಗೆಯೂ ಒಂದು ಸಾಲು ಬರೆಯಬೇಡಿ. ಇದನ್ನು ನಾವು ಕಲಿತದ್ದು ತಪ್ಪು ಮಾಡಿಯೇ.

2018ರಲ್ಲಿ ನಮ್ಮ ಗೆಳೆಯನೊಬ್ಬ ಕ್ಷೇತ್ರದ ಪಟ್ಟಿಯಿಂದ ಹೋಗದೆ, ಫೋನಿನಲ್ಲಿ ಹೆಸರು ಟೈಪ್ ಮಾಡಿ ಹುಡುಕಿದ. ಅದೇ ಹೆಸರಿನ ಇನ್ನೊಬ್ಬರ ಪುಟ ಬಂತು. ಇನಿಷಿಯಲ್ ಮಾತ್ರ ಬೇರೆ. ಅದನ್ನೇ ಬರೆದು ಗೋಡೆಗೆ ಅಂಟಿಸಿದೆವು. ಬೆಳಿಗ್ಗೆ ಊರಿನ ಹಿರಿಯರೊಬ್ಬರು ಓದಿ, "ಏನಪ್ಪಾ, ಇಷ್ಟು ದೊಡ್ಡ ಮನುಷ್ಯರಿಗೆ ಒಂದು ಸೈಟೂ ಇಲ್ವಾ?" ಅಂದರು. ನನಗೆ ಎದೆ ಧಸಕ್ಕೆಂದಿತು. ಶೀಟ್ ಕಿತ್ತು, ಅವತ್ತೇ ಹೊಸದು ಬರೆದು, ನಿನ್ನೆಯದು ತಪ್ಪು ಎಂದು ಮೇಲೆಯೇ ದಪ್ಪ ಅಕ್ಷರದಲ್ಲಿ ಹಾಕಿದೆವು. ಅಲ್ಲಿಂದ ಮುಂದೆ ಅಫಿಡವಿಟ್ಟಿನ ಮೊದಲ ಪುಟದಲ್ಲಿರುವ ತಂದೆ ಅಥವಾ ಗಂಡನ ಹೆಸರು, ವಯಸ್ಸು, ವಿಳಾಸ, ಪಕ್ಷ ಎಲ್ಲ ತಾಳೆ ನೋಡುತ್ತೇವೆ. ಮರುವರ್ಷವೇ ಅದು ಕೆಲಸಕ್ಕೆ ಬಂತು. 2019ರ ಮಂಡ್ಯ ಲೋಕಸಭೆ ಕಣದಲ್ಲಿ ಸುಮಲತಾ ಎಂಬ ಹೆಸರಿನವರೇ ನಾಲ್ಕು ಜನ ಇದ್ದರು!

ಅಫಿಡವಿಟ್ ಓದುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು. ಅದಕ್ಕೆ ಫಾರಂ 26 ಅನ್ನುತ್ತಾರೆ. 2013ರ ಮೇನಲ್ಲಿ ನಾವು ನೋಡಿದ ಕೆಲವು ಅಫಿಡವಿಟ್‌ಗಳಲ್ಲಿ ಎಷ್ಟೋ ಜಾಗ ಸುಮ್ನೆ ಖಾಲಿ ಬಿಟ್ಟಿದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹಾಗೆ ಖಾಲಿ ಬಿಡುವಂತಿಲ್ಲ ಎಂದಿತು. ಈಗ ಇಲ್ಲದಿದ್ದರೆ ಇಲ್ಲ ಎಂದಾದರೂ ಬರೆಯಲೇಬೇಕು. 2019ರಿಂದ ಐದು ವರ್ಷದ ಆದಾಯವನ್ನು ತೋರಿಸಬೇಕಾಗಿದೆ. ಇದು ನನ್ನ ಮಟ್ಟಿಗೆ ಬಹಳ ಒಳ್ಳೆಯ ಬದಲಾವಣೆ. ಒಂದು ವರ್ಷದ ಲೆಕ್ಕದಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಆದರೂ ಒಂದು ಮಾತು ನೆನಪಿರಲಿ: ವ್ಯವಸಾಯದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ನಮ್ಮ ಕಡೆಯ ದೊಡ್ಡ ಜಮೀನುದಾರರ ರಿಟರ್ನ್‌ನಲ್ಲಿ ಸಣ್ಣ ಮೊತ್ತ ಕಂಡರೆ ಕೂಡಲೇ ಕಳ್ಳಲೆಕ್ಕ ಅನ್ನಬಾರದು.

ಆಸ್ತಿ ಜಾಸ್ತಿಯಾಗಿದ್ದರೂ ಹಾಗೆಯೇ. ಐದು ವರ್ಷದಲ್ಲಿ ಮೂರು ಪಟ್ಟು ಎಂದು ಕಂಡ ತಕ್ಷಣ ಜನ ಕೆರಳುತ್ತಾರೆ. ಫಾರಂನಲ್ಲಿ ಜಮೀನು ಕೊಂಡ ಬೆಲೆ ಒಂದು ಕಡೆ, ಈಗಿನ ಮಾರುಕಟ್ಟೆ ಬೆಲೆ ಒಂದು ಕಡೆ ಇರುತ್ತದೆ. ಸರ್ವೆ ನಂಬರೂ ಇರುತ್ತದೆ. ಎರಡು ಚುನಾವಣೆಯ ಅಫಿಡವಿಟ್ ಪಕ್ಕಪಕ್ಕ ಇಟ್ಟು ನೋಡಿ. ಸರ್ವೆ ನಂಬರುಗಳು ಅವೇ ಆಗಿದ್ದರೆ ಏರಿದ್ದು ಜಮೀನಿನ ಬೆಲೆ. ಹೊಸ ನಂಬರುಗಳು ಸೇರಿದ್ದರೆ ಕೊಂಡದ್ದು ಯಾವಾಗ, ಯಾವ ದುಡ್ಡಿನಲ್ಲಿ ಎಂದು ಕೇಳುವ ಹಕ್ಕು ನಮಗಿದೆ. ಭೂಮಿ ಜಾಲತಾಣದಲ್ಲಿ ಅದೇ ನಂಬರಿನ ಪಹಣಿಯನ್ನೂ ನೋಡಬಹುದು. ನಾವು ಸರ್ವೆ ನಂಬರನ್ನು ಗೋಡೆಗೆ ಹಾಕುವುದಿಲ್ಲ. ಅದು ನಮ್ಮ ಪರಿಶೀಲನೆಗೆ ಮಾತ್ರ.

ಇನ್ನು ಕೇಸುಗಳು. ಕೇಸಿರುವವರನ್ನು ಮೈನೇತಾ ಎದ್ದು ಕಾಣುವಂತೆ ತೋರಿಸುತ್ತದೆ, ಎಷ್ಟು ಕೇಸು ಎಂದು ಎಣಿಸಿಯೂ ಕೊಡುತ್ತದೆ. ಆದರೆ ಬರೀ ಎಣಿಕೆ ನೋಡಿದರೆ ಅನ್ಯಾಯವಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಕಾವೇರಿ ಗಲಾಟೆಯಲ್ಲಿ ರಸ್ತೆ ತಡೆದವರ ಮೇಲೆ, ರೈತ ಹೋರಾಟದಲ್ಲಿ ಕೂತವರ ಮೇಲೆ ಕೇಸುಗಳಿವೆ. ಅದೂ ಕೇಸೇ, ಮೋಸ ಮಾಡಿದ ಆರೋಪವೂ ಕೇಸೇ. ಎರಡೂ ಒಂದೇ ಅಲ್ಲ, ಅಲ್ವಾ? ಅದಕ್ಕೇ ಯಾವ ಸೆಕ್ಷನ್, ಯಾವ ಕೋರ್ಟು, ಚಾರ್ಜ್ ಫ್ರೇಮ್, ಅಂದರೆ ಕೋರ್ಟಿನಲ್ಲಿ ಆರೋಪ ನಿಗದಿ ಆಗಿದೆಯಾ ಇಲ್ಲವಾ ಎಂದು ಮೂಲದಲ್ಲೇ ಓದಿ ಬರೆಯುತ್ತೇವೆ. ನಡೆಯುತ್ತಿರುವ ಕೇಸಿಗೆ 'ವಿಚಾರಣೆ ಬಾಕಿ' ಎಂದು ಸೇರಿಸುತ್ತೇವೆ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಮುಂದಿನ ಚುನಾವಣೆಯ ಅಫಿಡವಿಟ್‌ಗಳಲ್ಲಿ ಎರಡು ಬಗೆಯ ಸೆಕ್ಷನ್ ನಂಬರುಗಳೂ ಬರುತ್ತವೆ. 420 ಎಂದರೆ ನಮ್ಮ ಬಾಯಲ್ಲಿ ಮೋಸವೇ ಆಗಿಬಿಟ್ಟಿದೆ. ಹೊಸ ಕಾನೂನಿನಲ್ಲಿ ಅದು 318. ಇದನ್ನು ಈಗಲೇ ಗುರುತು ಮಾಡಿಕೊಳ್ಳಿ.

ಮೈನೇತಾದ ಇನ್ನೊಂದು ಮಿತಿ ಸಮಯದ್ದು. 2023ರಲ್ಲಿ ನಾಮಪತ್ರ ವಾಪಸ್ ಪಡೆಯಲು ಕೊನೆಯ ದಿನ ಏಪ್ರಿಲ್ 24, ಮತದಾನ ಮೇ 10. ನಡುವೆ ಎರಡು ವಾರ ಚಿಲ್ಲರೆ. ಅವರು ರಾಜ್ಯದ 224 ಕ್ಷೇತ್ರಗಳ ಸಾವಿರಾರು ಅಫಿಡವಿಟ್ ಓದಿ ಹಾಕಬೇಕು. ಕಾಯುತ್ತಾ ಕೂರುವ ಬದಲು ನಾವು ಆಯೋಗದ ಪೋರ್ಟಲಿನಿಂದಲೇ ಮೂಲ ಇಳಿಸಿಕೊಂಡು ಬರೆಯಲು ಶುರು ಮಾಡುತ್ತೇವೆ. ಆಮೇಲೆ ಮೈನೇತಾ ಜೊತೆ ತಾಳೆ ನೋಡುತ್ತೇವೆ. ಅಂದಹಾಗೆ, ನಾವು ಕೈಯಲ್ಲೇ ಬರೆಯಲು ಒಂದು ಕಾರಣ ಇದೆ. ಚುನಾವಣೆಯ ಕರಪತ್ರ, ಪೋಸ್ಟರ್ ಮುದ್ರಿಸಿದರೆ ಅದರ ಮೇಲೆ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು ಎಂದು ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಹೇಳುತ್ತದೆ. ಕೈಬರಹಕ್ಕೆ ಅದು ಅನ್ವಯಿಸುವುದಿಲ್ಲ.

ಗೆದ್ದ ಮೇಲೆ ಏನು ಮಾಡಿದರು ಎನ್ನುವುದಕ್ಕೆ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ನೋಡುತ್ತೇನೆ. 2005ರಲ್ಲಿ ಶುರುವಾದ ಸಂಸ್ಥೆ. ಅಲ್ಲಿ ಒಬ್ಬೊಬ್ಬ ಸಂಸದರ ಹಾಜರಿ, ಕೇಳಿದ ಪ್ರಶ್ನೆ, ಭಾಗವಹಿಸಿದ ಚರ್ಚೆ ಎಲ್ಲ ಇದೆ. ದೇಶದ ಸರಾಸರಿಯೂ ಪಕ್ಕದಲ್ಲೇ ಇರುತ್ತದೆ. ಇಲ್ಲೂ ಒಂದು ಗುಂಡಿ ಇದೆ. ಮಂತ್ರಿಗಳು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಪ್ರಶ್ನೆಯನ್ನೂ ಕೇಳುವುದಿಲ್ಲ. ಅವರು ಉತ್ತರ ಕೊಡುವವರು. ಅದು ಗೊತ್ತಿಲ್ಲದೆ ಕೇಂದ್ರ ಸಚಿವರೊಬ್ಬರು 'ಒಂದು ಪ್ರಶ್ನೆಯನ್ನೂ ಕೇಳಿಲ್ಲ' ಎಂದು ವಾಟ್ಸಾಪಿನಲ್ಲಿ ಹಂಚುವವರನ್ನು ಕಂಡಿದ್ದೇನೆ.

ಸಂಖ್ಯೆಗಿಂತ ನನಗೆ ಇಷ್ಟವಾಗುವುದು ಆ ಪ್ರಶ್ನೆಗಳೇ. ಅವು ಪೂರ್ತಿಯಾಗಿ ಸಂಸತ್ತಿನ ಸಂಸದ್ ಜಾಲತಾಣದಲ್ಲಿವೆ. ಚುಕ್ಕಿ ಗುರುತಿನ ಪ್ರಶ್ನೆಗೆ ಸದನದಲ್ಲಿ ಬಾಯಿಮಾತಿನ ಉತ್ತರ, ಚುಕ್ಕಿರಹಿತ ಪ್ರಶ್ನೆಗೆ ಲಿಖಿತ ಉತ್ತರ. ಟಿವಿಯಲ್ಲಿ ಕಾಣುವುದು ಮೊದಲನೆಯದು, ಕೆಲಸಕ್ಕೆ ಬರುವುದು ಎರಡನೆಯದು. ಉತ್ತರದ ಕೊನೆಯ ಅನುಬಂಧ ತೆರೆಯಿರಿ. ರಾಜ್ಯವಾರು, ಕೆಲವು ಸಲ ಜಿಲ್ಲಾವಾರು ಪಟ್ಟಿ ಅಲ್ಲಿರುತ್ತದೆ. ಒಂದು ಯೋಜನೆಗೆ ಎಷ್ಟು ಬಿಡುಗಡೆ, ಎಷ್ಟು ಖರ್ಚು ಎಂದು ಮಂತ್ರಿಯೇ ಸದನಕ್ಕೆ ಹೇಳಿದ ಲೆಕ್ಕ ಅದು. ಅದಕ್ಕಿಂತ ಗಟ್ಟಿ ಆಧಾರ ಬೇಕಾ?

ಶಾಸಕರ ವಿಷಯದಲ್ಲಿ ಕೆಲಸ ಇಷ್ಟು ಸಲೀಸಾಗಿ ಆಗಿಲ್ಲ. ಕನ್ನಡದ ಹಳೆಯ ಕಡತಗಳ ತೊಂದರೆ ನಿಮಗೂ ಗೊತ್ತಿರಬಹುದು. ಒಂದು ಸರ್ಕಾರಿ ಜಾಲತಾಣದಲ್ಲಿ ಇಳಿಸಿದ ಪಿಡಿಎಫ್ ಯೂನಿಕೋಡಿನಲ್ಲಿರಲಿಲ್ಲ. ಕಣ್ಣಿಗೆ ಕನ್ನಡ, ಕಾಪಿ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಹುಡುಕು ಒತ್ತಿದರೆ ಏನೂ ಸಿಗಲ್ಲ. ಇನ್ನೂರು ಪುಟ ಕಣ್ಣಲ್ಲೇ ಓದಿದೆ. ಕನ್ನಡದಲ್ಲಿ ಆಡಿದ ಮಾತನ್ನು ಕನ್ನಡದಲ್ಲಿ ಹುಡುಕಲು ಆಗದಿದ್ದರೆ ನೋವಾಗುತ್ತದೆ.

ಈ ನೋವಿಗೆ ಸ್ವಲ್ಪ ಸಮಾಧಾನ ಕೊಟ್ಟದ್ದು ರಾಜ್ಯ ಸರ್ಕಾರದ ಮಾಹಿತಿ ಕಣಜ ಜಾಲತಾಣ. ಕನ್ನಡದಲ್ಲೇ ತೆರೆದುಕೊಳ್ಳುತ್ತದೆ, ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇಳಿಯುತ್ತದೆ. ಅಲ್ಲೂ ಸಿಗದಿದ್ದರೆ ಆರ್‌ಟಿಐ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ, ಶುಲ್ಕ 10 ರೂಪಾಯಿ. ಆನ್‌ಲೈನಿನಲ್ಲೂ ಹಾಕಬಹುದು.

ಹಳೆಯ ಚುನಾವಣೆಗಳ ಅಂಕಿ ಬೇಕಾದರೆ ಅಶೋಕ ವಿಶ್ವವಿದ್ಯಾಲಯದ ಲೋಕ್ ಧಾಬಾ ಒಳ್ಳೆಯದು. ಎಕ್ಸೆಲ್‌ನಲ್ಲಿ ತೆರೆಯುವ ಹಾಗೆ ಇಳಿಸಿಕೊಳ್ಳಬಹುದು. 1973ರ ನವೆಂಬರ್ 1ರವರೆಗೆ ನಮ್ಮದು ಮೈಸೂರು ರಾಜ್ಯವಾಗಿತ್ತು ಅನ್ನುವುದು ನೆನಪಿರಲಿ, 1972ರ ಫಲಿತಾಂಶಕ್ಕೆ ಕರ್ನಾಟಕ ಎಂದು ಹುಡುಕಿದರೆ ಸಿಗದೆ ಹೋಗಬಹುದು. ಆಗ ವಿಧಾನಸಭೆ ಸ್ಥಾನಗಳು 216. 1978ರಿಂದ 224. 2008ರಲ್ಲಿ ಕ್ಷೇತ್ರಗಳ ಗಡಿ ಬದಲಾಯಿತು. ಹೆಸರು ಅದೇ ಇದ್ದರೂ ಊರುಗಳು ಬೇರೆ. 2004ರ ಮತಗಳನ್ನು 2008ರ ಜೊತೆ ನೇರವಾಗಿ ಹೋಲಿಸಬೇಡಿ.

ಬಿಡುವಿದ್ದಾಗ ನಾನು ಓದುವ ಇನ್ನೊಂದು ತಾಣ ಇದೆ. ಬೆಂಗಳೂರಿನ ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್‌ನವರು ಸಂವಿಧಾನ ಸಭೆಯ ಚರ್ಚೆಗಳನ್ನೆಲ್ಲ ಹುಡುಕಿ ಓದುವ ಹಾಗೆ ಹಾಕಿದ್ದಾರೆ. ನಮಗೆ ವೀಣೆಯ ಅಥವಾ ಸಿತಾರಿನ ಸಂಗೀತ ಬೇಕಿತ್ತು, ಇಲ್ಲಿರುವುದು ಇಂಗ್ಲಿಷ್ ಬ್ಯಾಂಡಿನ ಸಂಗೀತ ಎಂದು ಸಂವಿಧಾನದ ಬಗ್ಗೆ ಕೆಂಗಲ್ ಹನುಮಂತಯ್ಯನವರು 1949ರ ನವೆಂಬರಿನಲ್ಲಿ ಹೇಳಿದ ಮಾತನ್ನು ಇಡೀ ಭಾಷಣದ ಜೊತೆ ಅಲ್ಲೇ ಓದಿದೆ. ಮಧ್ಯರಾತ್ರಿಯವರೆಗೆ ಓದಿದ್ದೇನೆ.

ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಮಾತ್ರ ನಮ್ಮ ಶೀಟ್ ಇನ್ನೂ ಆಗಿಲ್ಲ. ಅದನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ, ಆ ಅಭ್ಯರ್ಥಿಗಳ ವಿವರ ಮೈನೇತಾದಲ್ಲಿ ನನಗೆ ಸಿಕ್ಕಿಲ್ಲ. ಮುಂದಿನ ಸಲ ನಾಮಪತ್ರ ಸಲ್ಲಿಸುವ ದಿನಗಳಲ್ಲಿ ಚುನಾವಣಾಧಿಕಾರಿಯ ಕಚೇರಿಗೇ ಹೋಗಿ ಕೇಳುವುದು ಎಂದು ನಾಲ್ಕೂ ಜನ ಮಾತಾಡಿಕೊಂಡಿದ್ದೇವೆ. ಈ ಕೆಲಸ ಶುರು ಮಾಡುವವರಿಗೆ ಒಂದು ಮಾತು: ಸಿಕ್ಕ ಪಿಡಿಎಫ್ ಅವತ್ತೇ ಇಳಿಸಿ, ವರ್ಷ ಮತ್ತು ಕ್ಷೇತ್ರದ ಹೆಸರು ಹಾಕಿ ಇಟ್ಟುಕೊಳ್ಳಿ. ಕೊಂಡಿಗಳು ಸಾಯುತ್ತವೆ. 2013ರ ಅಫಿಡವಿಟ್‌ಗಳು ಇವತ್ತಿಗೂ ನಮ್ಮ ಪೆನ್ ಡ್ರೈವಿನಲ್ಲಿವೆ, 2023ರಲ್ಲಿ ಪಕ್ಕದಲ್ಲಿಟ್ಟು ಓದಿದ್ದು ಅವನ್ನೇ.