ಒಳಾಂಗಣ ಆಟಗಳಿಗೆ ಸೆಕೆಂಡ್ ಹ್ಯಾಂಡ್ ಕ್ಯಾನನ್ 7ಡಿ ಮಾರ್ಕ್ 2: ಮಿನುಗುವ ದೀಪಗಳ ಕೆಳಗೆ ಇದರ ಬೆಲೆ ತಿಳಿಯುತ್ತದೆ

ಒಳಾಂಗಣ ಕ್ರೀಡಾಂಗಣದಲ್ಲಿ ಶಟರ್ ವೇಗವನ್ನು 1/1000 ಸೆಕೆಂಡಿಗೆ ಇಟ್ಟು ಬ್ಯಾಡ್ಮಿಂಟನ್ ಸ್ಮ್ಯಾಶ್ ಒಂದನ್ನು ಸತತವಾಗಿ ಚಿತ್ರಿಸಿದವರಿಗೆ ಈ ಸಂಕಟ ಗೊತ್ತಿರುತ್ತದೆ. ಮೊದಲ ಚಿತ್ರ ಸರಿಯಾಗಿರುತ್ತದೆ. ಎರಡನೆಯದು ಕಂದುಗಟ್ಟಿರುತ್ತದೆ. ಮೂರನೆಯದು ಪೂರ್ತಿ ಮಂಕು. ನಾಲ್ಕನೆಯದರಲ್ಲಿ ಆಟಗಾರ್ತಿಯ ಮುಖಕ್ಕೆ ಒಂದು ಬಣ್ಣ, ಕಾಲುಗಳಿಗೆ ಇನ್ನೊಂದು. ಸೆಟ್ಟಿಂಗ್ ಒಂದನ್ನೂ ಮುಟ್ಟಿರುವುದಿಲ್ಲ, ಕಣ್ಣಿಗೆ ಬೆಳಕು ಒಂದೇ ಸಮನಾಗಿ ಕಾಣುತ್ತಿರುತ್ತದೆ. ಮನೆಗೆ ಬಂದು ಒಂದೊಂದೇ ಚಿತ್ರದ ಬಣ್ಣ ತಿದ್ದಲು ಕುಳಿತರೆ ಅರ್ಧ ರಾತ್ರಿ ಕಳೆಯುತ್ತದೆ. ಆಮೇಲೂ ಪಕ್ಕಪಕ್ಕದಲ್ಲಿಟ್ಟ ಎರಡು ಚಿತ್ರಗಳು ಒಂದೇ ಪಂದ್ಯದವು ಅನ್ನಿಸುವುದಿಲ್ಲ.

ನಾನು ಸೆಕೆಂಡ್ ಹ್ಯಾಂಡ್‌ನಲ್ಲಿ 7ಡಿ ಮಾರ್ಕ್ 2 ಕೊಂಡದ್ದು ಈ ಒಂದು ಕಾಟದಿಂದ ಬಿಡುಗಡೆ ಬೇಕೆಂದು. ಇದು 2014ರಲ್ಲಿ ಬಂದ ಕ್ಯಾಮೆರಾ. ಸೆಕೆಂಡಿಗೆ 10 ಫ್ರೇಮ್, 65 ಫೋಕಸ್ ಬಿಂದುಗಳು ಇತ್ಯಾದಿಗಳನ್ನು ನೀವು ಈಗಾಗಲೇ ಓದಿರುತ್ತೀರಿ. ನನ್ನ ಮಟ್ಟಿಗೆ ಇದರ ಜೀವ ಇರುವುದು ಮೆನುವಿನೊಳಗೆ ಅಡಗಿರುವ ‘ಆಂಟಿ-ಫ್ಲಿಕರ್’ ಎಂಬ ಒಂದೇ ಸಾಲಿನಲ್ಲಿ. ಕ್ಯಾನನ್‌ನ ಇಒಎಸ್ ಸಾಲಿಗೆ ಈ ಸೌಲಭ್ಯ ಮೊದಲು ಬಂದದ್ದು ಈ ಕ್ಯಾಮೆರಾದ ಮೂಲಕ. ಕೊಳ್ಳುವವರಿಗೆ ಇದರ ಬಗ್ಗೆ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ ಎಂಬುದು ನನ್ನ ತಕರಾರು. ಎಲ್ಲರೂ ಮೆಗಾಪಿಕ್ಸೆಲ್ ಲೆಕ್ಕದಲ್ಲೇ ಮುಳುಗಿರುತ್ತಾರೆ.

ದೀಪಗಳು ಮಾಡುವ ಕಿತಾಪತಿ ಏನೆಂದು ತಿಳಿದರೆ ಈ ಸೌಲಭ್ಯದ ಬೆಲೆ ತಿಳಿಯುತ್ತದೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ಟ್ಯೂಬ್‌ಲೈಟ್ ಅಥವಾ ಮೆಟಲ್ ಹ್ಯಾಲೈಡ್ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ವಿದ್ಯುತ್ತು 60 ಹರ್ಟ್ಸ್ ಆಗಿದ್ದರೆ 120 ಸಲ. ಒಂದು ಏರಿಳಿತಕ್ಕೆ 10 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. ನಮ್ಮ ಶಟರ್ ತೆರೆದಿರುವುದು ಬರೀ 1 ಮಿಲಿಸೆಕೆಂಡ್. ಆ ಹೊತ್ತಿನಲ್ಲಿ ದೀಪ ಶಿಖರದಲ್ಲಿರಬಹುದು, ತಳದಲ್ಲೂ ಇರಬಹುದು. ಇನ್ನೂ ಒಂದು ಸೂಕ್ಷ್ಮವಿದೆ. ಈ ವೇಗದಲ್ಲಿ ಶಟರ್‌ನ ಎರಡು ಪರದೆಗಳ ನಡುವಿನ ಸಣ್ಣ ಸೀಳು ಸೆನ್ಸರ್ ಮೇಲೆ ಹಾದುಹೋಗುತ್ತದೆ, ಅದು ಒಂದು ಅಂಚಿನಿಂದ ಇನ್ನೊಂದು ಅಂಚು ಮುಟ್ಟಲು ಮೂರು-ನಾಲ್ಕು ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ದೀಪ ಮೇಲಿನಿಂದ ಕೆಳಕ್ಕೆ ಜಾರಿರುತ್ತದೆ. ಮುಖ ಬೆಳ್ಳಗೆ, ಕಾಲು ಕಂದು ಆಗುವುದು ಇದರಿಂದಲೇ. ಟ್ಯೂಬ್‌ಲೈಟಿನ ಒಳಲೇಪನದ ಒಂದೊಂದು ಬಣ್ಣವೂ ಒಂದೊಂದು ವೇಗದಲ್ಲಿ ಮಂಕಾಗುವುದರಿಂದ ಬೆಳಕಿನ ಪ್ರಮಾಣದ ಜೊತೆಗೆ ಬಣ್ಣವೂ ಬದಲಾಗುತ್ತದೆ.

ಆಂಟಿ-ಫ್ಲಿಕರ್ ಮಾಡುವುದು ಬಹಳ ಸರಳವಾದ ಕೆಲಸ. ಬೆಳಕು ಅಳೆಯುವ ಸೆನ್ಸರ್ ಈ ಏರಿಳಿತದ ಲಯವನ್ನು ಗುರುತಿಸುತ್ತದೆ. ಉಯ್ಯಾಲೆ ತೂಗುವವರು ಅದು ತುದಿ ಮುಟ್ಟುವ ತನಕ ಕಾದು ತಳ್ಳುವ ಹಾಗೆ, ಕ್ಯಾಮೆರಾ ಬೆಳಕು ಶಿಖರ ಮುಟ್ಟುವ ಕ್ಷಣಕ್ಕೆ ಕಾದು ಶಟರ್ ಬಿಡುತ್ತದೆ. ಕಾಯುವುದು ಹೆಚ್ಚೆಂದರೆ ಒಂದು ಏರಿಳಿತದಷ್ಟು ಹೊತ್ತು. ಬಟನ್ ಒತ್ತಿದ್ದಕ್ಕೂ ಚಿತ್ರ ಬಿದ್ದದ್ದಕ್ಕೂ ನಡುವೆ ಹೆಚ್ಚಾದ ಅಂತರ ಬೆರಳಿಗೆ ತಿಳಿಯುವುದೇ ಇಲ್ಲ. ಸತತ ಚಿತ್ರೀಕರಣದ ವೇಗ ಕೊಂಚ ತಗ್ಗಬಹುದು. ಹೊಡೆದ ಹತ್ತರಲ್ಲಿ ಆರು ಮಂಕಾಗುವುದಕ್ಕಿಂತ ಒಂಬತ್ತೇ ಹೊಡೆದು ಒಂಬತ್ತೂ ಒಂದೇ ಬಣ್ಣದಲ್ಲಿ ಸಿಗುವುದು ಎಷ್ಟೋ ಮೇಲು. ಒಂದು ರ‍್ಯಾಲಿಯ ಚಿತ್ರಗಳನ್ನೆಲ್ಲ ಸಾಲಾಗಿ ತೆರೆದಾಗ ಗೋಡೆಯ ಬಣ್ಣ ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿರುವುದನ್ನು ನೋಡುವ ಸುಖ ಇವತ್ತಿಗೂ ಹಳತಾಗಿಲ್ಲ.

ಈ ಕ್ಯಾಮೆರಾ ಬಂದ ಮೇಲೆ ಪಂದ್ಯಕ್ಕೆ ಮುಂಚಿನ ನನ್ನ ದಿನಚರಿಯೇ ಬೇರೆಯಾಗಿದೆ. ಅಂಗಳಕ್ಕೆ ಕಾಲಿಟ್ಟ ಕೂಡಲೇ ಮೊಬೈಲ್ ತೆಗೆದು ಛಾವಣಿಯ ದೀಪಗಳ ನಿಧಾನಗತಿಯ ವಿಡಿಯೊ ಹಿಡಿಯುತ್ತೇನೆ. ಮಿನುಗುವ ದೀಪಗಳು ಅದರಲ್ಲಿ ಸಿಕ್ಕಿಬೀಳುತ್ತವೆ. ಕೆಲವು ಕಡೆ ದೀಪಗಳ ಸಾಲುಗಳನ್ನು ಮೂರು ಫೇಸ್‌ಗಳಿಗೆ ಹಂಚಿರುತ್ತಾರೆ. ಒಂದು ಸಾಲು ಮಂಕಾಗುವಾಗ ಇನ್ನೊಂದು ಬೆಳಗುವುದರಿಂದ ಅಂಗಳದ ನಡುಭಾಗದಲ್ಲಿ ತೊಂದರೆ ಕಡಿಮೆ, ಮೂಲೆಗಳಲ್ಲಿ ಹೆಚ್ಚು. ಎಲ್ಲಿ ಕುಳಿತುಕೊಳ್ಳಬೇಕು, ಯಾವ ಬದಿಯ ಆಟಗಾರರ ಮೇಲೆ ಕಣ್ಣಿಡಬೇಕು ಎನ್ನುವುದನ್ನು ಇದರಿಂದಲೇ ತೀರ್ಮಾನಿಸುತ್ತೇನೆ. ಆಮೇಲೆ ಕ್ಯಾಮೆರಾ ಕಣ್ಣಿಗಿಟ್ಟು ಬಟನ್ ಅರ್ಧ ಒತ್ತಿದರೆ ವ್ಯೂಫೈಂಡರ್‌ನಲ್ಲಿ ‘ಫ್ಲಿಕರ್!’ ಎಂಬ ಸಣ್ಣ ಎಚ್ಚರಿಕೆ ಮೂಡುತ್ತದೆ. ಅದು ಕಾಣಿಸಿತೆಂದರೆ ಕ್ಯಾಮೆರಾ ಲಯ ಹಿಡಿದಿದೆ ಎಂದರ್ಥ.

ಮುಂದಿನದು ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು. ಇಂಥ ದೀಪಗಳ ಕೆಳಗೆ ಬಿಳಿ ಹಾಳೆಯನ್ನು 1/50ರಂಥ ನಿಧಾನ ವೇಗದಲ್ಲಿ ಚಿತ್ರಿಸಿ ಬಣ್ಣ ಅಳೆಯಬೇಕು ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಲಹೆ. ಹಾಗೆ ಮಾಡಿದರೆ ಸಿಗುವುದು ಇಡೀ ಏರಿಳಿತದ ಸರಾಸರಿ ಬಣ್ಣ. ಆಂಟಿ-ಫ್ಲಿಕರ್ ಹಾಕಿಕೊಂಡಾಗ ನಮ್ಮ ಚಿತ್ರಗಳೆಲ್ಲ ಶಿಖರದ ಬೆಳಕಿನವು, ಅಲ್ಲಿನ ಬಣ್ಣ ಸರಾಸರಿಗಿಂತ ಭಿನ್ನ. ಆದ್ದರಿಂದ ನಾನು ಹಾಳೆಯನ್ನೂ ಪಂದ್ಯದ ವೇಗದಲ್ಲಿಯೇ, ಆಂಟಿ-ಫ್ಲಿಕರ್ ಹಾಕಿಯೇ ಚಿತ್ರಿಸುತ್ತೇನೆ. ಆಟಗಾರರು ಮೈ ಬಿಸಿಮಾಡಿಕೊಳ್ಳುವ ಹೊತ್ತಿನಲ್ಲಿ ಅಂಗಳದ ಅಂಚಿಗೆ ಹೋಗಿ, ಹಾಳೆಯನ್ನು ಆಟಗಾರರ ಮುಖ ಇರುವ ಎತ್ತರಕ್ಕೆ ಹಿಡಿದು, ನೆರಳು ಬೀಳದಂತೆ ಒಂದು ಚಿತ್ರ ತೆಗೆದು, ಮೆನುವಿನಲ್ಲಿ ಅದನ್ನು ಆರಿಸುತ್ತೇನೆ. ಎಕ್ಸ್‌ಪೋಶರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಎಂಬುದು, ಪೂರ್ತಿ ಮ್ಯಾನುವಲ್. ಅಲ್ಲಿಂದಾಚೆ ಪಂದ್ಯ ಮುಗಿಯುವವರೆಗೆ ಬೆಳಕಿನ ಚಿಂತೆ ಇಲ್ಲ, ನೇರವಾಗಿ ಜೆಪೆಗ್ ಕೊಟ್ಟುಬಿಡಬಹುದು. ಈ ಐದು ನಿಮಿಷದ ಸಿದ್ಧತೆ ನನಗೆ ಆಟದಷ್ಟೇ ಪ್ರಿಯವಾಗಿದೆ.

ಒಂದು ಎಚ್ಚರಿಕೆ: ಈ ಸೌಲಭ್ಯ ಮೂಲ ಸ್ಥಿತಿಯಲ್ಲಿ ನಿಷ್ಕ್ರಿಯವಾಗಿರುತ್ತದೆ. ವ್ಯೂಫೈಂಡರ್ ಮೂಲಕ ಚಿತ್ರಿಸುವಾಗ ಮಾತ್ರ ಕೆಲಸ ಮಾಡುತ್ತದೆ, ಹಿಂಬದಿಯ ಪರದೆ ನೋಡಿಕೊಂಡು ಚಿತ್ರಿಸುವಾಗ ಇಲ್ಲ.

ಲೆನ್ಸ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಕಡಿಮೆ ದುಡ್ಡಿನಲ್ಲಿ ಆಟ ಚಿತ್ರಿಸುವವರು ಸೋಲುವುದು ಇಲ್ಲಿ. ಕ್ಯಾಮೆರಾ ಜೊತೆಗೆ ಬರುವ ಅಗ್ಗದ ಟೆಲಿಜೂಮ್‌ಗಳು ಉದ್ದದ ತುದಿಯಲ್ಲಿ ಎಫ್/5.6ಕ್ಕೆ ನಿಲ್ಲುತ್ತವೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ). ಎಫ್/2.8 ಜೂಮ್‌ಗಳ ಬೆಲೆ ನನ್ನ ಕೈಗೆಟುಕುವುದಲ್ಲ. ನಡುದಾರಿಯಾಗಿ ಸಿಕ್ಕಿದ್ದು 1992ರಿಂದ ಇರುವ 85 ಮಿ.ಮೀ. ಎಫ್/1.8. ಅದನ್ನು ಎಫ್/2ರಲ್ಲಿ ಬಳಸುತ್ತೇನೆ. 5.6ರಿಂದ 2ಕ್ಕೆ ಬಂದರೆ ಮೂರು ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಬೆಳಕು ಇಮ್ಮಡಿ), ಅಂದರೆ ಎಂಟು ಪಟ್ಟು ಬೆಳಕು. ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 25600 ಬೇಡುತ್ತಿದ್ದ ಅಂಗಳ 3200ಕ್ಕೆ ಒಪ್ಪಿಕೊಳ್ಳುತ್ತದೆ. ಕ್ಯಾಮೆರಾಕ್ಕಿಂತ ಲೆನ್ಸ್ ಮೊದಲು ಕೊಳ್ಳಿ ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ.

ಬೇಸ್‌ಲೈನ್ ಹಿಂದಿನ ಮೂಲೆಯಲ್ಲಿ ನೆಲಕ್ಕೆ ಕುಳಿತು ಕ್ಯಾಮೆರಾವನ್ನು ಲಂಬವಾಗಿ ಹಿಡಿದರೆ, ಈ ಲೆನ್ಸ್‌ನಲ್ಲಿ 10 ಮೀಟರ್ ದೂರಕ್ಕೆ ಎರಡೂವರೆ ಮೀಟರ್ ಎತ್ತರ ಸಿಗುತ್ತದೆ. ಬಲೆಯ ಆಚೆ ಜಿಗಿದ ಆಟಗಾರ್ತಿ ರಾಕೆಟ್ ಸಮೇತ ಹಿಡಿಸುತ್ತಾಳೆ. ಇದೇ ಬದಿಯಲ್ಲಿ ಇರುವವರು ಹತ್ತಿರ ಬಂದರೆ ಚಿತ್ರ ತುಂಡಾಗುತ್ತದೆ, ಅವರನ್ನು ಬಿಟ್ಟುಬಿಡುತ್ತೇನೆ. ಬಲೆಯ ಮೂಲಕ ಫೋಕಸ್ ಮಾಡುವಾಗ ಕ್ಯಾಮೆರಾ ಬಲೆಯ ದಾರಗಳಿಗೆ ಅಂಟಿಕೊಳ್ಳುವ ಅಪಾಯವಿದೆ. ಅಡ್ಡ ಬಂದದ್ದನ್ನು ಲೆಕ್ಕಿಸದೆ ಹಿಂಬಾಲಿಸುವ ‘ಕೇಸ್ 2’ ಎಂಬ ಫೋಕಸ್ ಸೆಟ್ಟಿಂಗ್ ಇಲ್ಲಿ ನೆಚ್ಚಬಹುದಾದ ಗೆಳೆಯ. ಫೋಕಸ್ ಕೆಲಸವನ್ನು ಹಿಂಬದಿಯ ಎಎಫ್-ಆನ್ ಬಟನ್‌ಗೆ ವಹಿಸಿ, ಹೆಬ್ಬೆರಳನ್ನು ಅಲ್ಲೇ ಒತ್ತಿಟ್ಟುಕೊಂಡಿರುತ್ತೇನೆ. ತೋರುಬೆರಳಿಗೆ ಕ್ಷಣ ಕಾಯುವುದೊಂದೇ ಕೆಲಸ.

1/1000 ಸಾಕೇ ಎಂದು ಕೇಳಬಹುದು. ಮೈ ಕೈ ನಿಲ್ಲುತ್ತವೆ, ಶಟಲ್ ನಿಲ್ಲುವುದಿಲ್ಲ. ಗಂಟೆಗೆ 300 ಕಿ.ಮೀ. ವೇಗದಲ್ಲಿ ಹೊರಟ ಶಟಲ್ ಅಷ್ಟು ಹೊತ್ತಿನಲ್ಲಿ 8 ಸೆಂ.ಮೀ. ದಾಟಿರುತ್ತದೆ, ಹೆಚ್ಚು ಕಡಿಮೆ ತನ್ನದೇ ಉದ್ದದಷ್ಟು. ಆ ಬಿಳಿ ಗೆರೆ ನನಗೆ ಇಷ್ಟ, ಸ್ಮ್ಯಾಶ್‌ನ ಬಿರುಸು ಅದರಲ್ಲೇ ಕಾಣುತ್ತದೆ. ಶಟಲ್‌ನ ಗರಿ ಎಣಿಸಬೇಕೆನ್ನುವವರಿಗೆ ಇನ್ನೂ ಎರಡು ಸ್ಟಾಪ್ ಬೆಳಕು ಬೇಕು, ಸಾಧಾರಣ ಅಂಗಳಗಳಲ್ಲಿ ಅದು ಸಿಗುವುದಿಲ್ಲ.

ಇಷ್ಟು ಹೊಗಳಿದ ಮೇಲೆ ನನ್ನ ಅಸಮಾಧಾನವನ್ನೂ ಹೇಳಬೇಕು. ಅದು ಸದ್ದು. ಕನ್ನಡಿ ಎದ್ದು ಬೀಳುವ ಯಾವ ಕ್ಯಾಮೆರಾ ಆದರೂ ಸೆಕೆಂಡಿಗೆ ಹತ್ತು ಸಲ ಬಡಿದರೆ ಸದ್ದು ಆಗಿಯೇ ಆಗುತ್ತದೆ. ವಾಲಿಬಾಲ್ ಅಂಗಳದ ಗದ್ದಲದಲ್ಲಿ ಯಾರ ಕಿವಿಗೂ ಬೀಳುವುದಿಲ್ಲ. ಬ್ಯಾಡ್ಮಿಂಟನ್‌ನಲ್ಲಿ, ಟೇಬಲ್ ಟೆನಿಸ್‌ನಲ್ಲಿ, ಸರ್ವ್ ಮಾಡುವ ಮುನ್ನ ಇಡೀ ಸಭಾಂಗಣ ಉಸಿರು ಹಿಡಿದಿರುತ್ತದೆ. ಆಗ ನನ್ನ ಮೂಲೆಯಿಂದ ಪಟಪಟ ಸದ್ದು ಹೊರಟರೆ ಸರ್ವ್ ಮಾಡುವವರ ಕಣ್ಣು ಇತ್ತ ಹೊರಳುತ್ತದೆ. ಆಟಗಾರರ ಏಕಾಗ್ರತೆ ಕೆಡಿಸಿ ಪಡೆಯುವ ಚಿತ್ರಕ್ಕೆ ಬೆಲೆಯಿಲ್ಲ ಎಂದು ನಂಬುವವನು ನಾನು, ಹಾಗಾಗಿ ಇದು ದಿನೇ ದಿನೇ ಹೆಚ್ಚು ಚುಚ್ಚತೊಡಗಿದೆ. ಮೆಲ್ಲನೆ ಸದ್ದು ಮಾಡುವ ಬಗೆಯೊಂದಿದೆ, ಅದರಲ್ಲಿ ಸೆಕೆಂಡಿಗೆ 4 ಫ್ರೇಮ್ ಮಾತ್ರ. ಮೋಡ್ ಡಯಲ್‌ನ ಸಿ1ರಲ್ಲಿ ರ‍್ಯಾಲಿಗೆ ಬೇಕಾದ ವೇಗ, ಸಿ2ರಲ್ಲಿ ಸರ್ವ್‌ಗೆ ಬೇಕಾದ ಮೆಲುಸದ್ದು ಎಂದು ಎರಡನ್ನೂ ಉಳಿಸಿಟ್ಟುಕೊಂಡಿದ್ದೇನೆ. ಸರ್ವ್‌ನ ಚಿತ್ರ ಒಂದೋ ಎರಡೋ ಸಾಕು, ಶಟಲ್ ಬಲೆ ದಾಟಿದ ಮೇಲೆ ಡಯಲ್ ತಿರುಗಿಸಿಕೊಳ್ಳುತ್ತೇನೆ. ಟೇಬಲ್ ಟೆನಿಸ್‌ಗೆ ಈ ಉಪಾಯ ಸಾಲದು. ಅಲ್ಲಿ ಮೇಜಿನ ಹತ್ತಿರ ಕೂರುವುದನ್ನೇ ಬಿಟ್ಟು ದೂರದ ಸ್ಟ್ಯಾಂಡ್‌ಗೆ ಹೋಗಿದ್ದೇನೆ.

ಹಾಗಾದರೆ ಸದ್ದಿಲ್ಲದೆ ಚಿತ್ರಿಸಬಲ್ಲ ಮಿರರ್‌ಲೆಸ್, ಅಂದರೆ ಕನ್ನಡಿಯಿಲ್ಲದ ಕ್ಯಾಮೆರಾ, ಕೊಳ್ಳಬಾರದೇಕೆ? ನಾನೂ ಇದನ್ನು ಗಂಭೀರವಾಗಿ ಯೋಚಿಸಿದ್ದೇನೆ. ಅಗ್ಗದ ಮಿರರ್‌ಲೆಸ್‌ಗಳ ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಸಾಲು ಸಾಲಾಗಿ ನಿಧಾನವಾಗಿ ಓದುತ್ತದೆ. ಬೀಸುವ ರಾಕೆಟ್ ಬಾಗಿದಂತೆ ಕಾಣುತ್ತದೆ, ಮಿನುಗುವ ದೀಪದ ಕೆಳಗೆ ಚಿತ್ರದ ಅಡ್ಡಕ್ಕೆ ಪಟ್ಟೆ ಪಟ್ಟೆಯಾಗಿ ಬೆಳಕು-ಕತ್ತಲೆ ಬೀಳುತ್ತದೆ. ಸದ್ದಿನಿಂದ ಪಾರಾಗಲು ಹೋಗಿ ಮತ್ತೆ ಅದೇ ಮಿನುಗಿನ ಬಾಯಿಗೆ ಬಿದ್ದಂತಾಯಿತು. ಸೆನ್ಸರನ್ನು ಮಿಂಚಿನಂತೆ ಓದುವ ಕ್ಯಾಮೆರಾಗಳು ಇವೆ, ಅವು ನನ್ನ ಬಜೆಟ್ಟಿನಲ್ಲಿಲ್ಲ. ಕಣ್ಣು, ಮುಖ ಗುರುತಿಸಿ ಹಿಂಬಾಲಿಸುವ ಫೋಕಸ್ ವಿಷಯದಲ್ಲಿ ಹೊಸವು ಬಹಳ ಮುಂದಿವೆ ಎಂಬುದನ್ನು ಒಪ್ಪುತ್ತೇನೆ. ಬಯಲಿನಲ್ಲಿ ಆಡುವ ಆಟಗಳನ್ನಷ್ಟೇ ಚಿತ್ರಿಸುವವರು ಕಣ್ಣುಮುಚ್ಚಿ ಅತ್ತ ಹೋಗಬಹುದು.

ಬ್ಯಾಟರಿಯ ಬಗ್ಗೆ ಒಂದು ಮಾತು. ದುಡ್ಡು ಉಳಿಯಲೆಂದು ಬೇರೆ ಕಂಪನಿಯೊಂದರ ಎರಡು ಬ್ಯಾಟರಿ ತರಿಸಿದ್ದೆ. ಅರ್ಧ ತುಂಬಿದೆ ಎಂದು ತೋರಿಸುತ್ತಿರುವಾಗಲೇ ನಿರ್ಣಾಯಕ ಗೇಮ್‌ನಲ್ಲಿ ಆರಿಹೋದವು. ಅಂಥವನ್ನು ಮೀಸಲಿಗೂ ಇಟ್ಟುಕೊಳ್ಳಬೇಡಿ. ಮೂಲ ಬ್ಯಾಟರಿ ಒಂದು ಪಂದ್ಯಾವಳಿಯ ದಿನವನ್ನು ಆರಾಮವಾಗಿ ದಾಟಿಸುತ್ತದೆ, ಒಳಗಿನ ಜಿಪಿಎಸ್ ಆಫ್ ಮಾಡಿದ್ದರೆ. ಜಿಪಿಎಸ್‌ನ ಒಂದು ಬಗೆ ಕ್ಯಾಮೆರಾ ಆಫ್ ಆಗಿದ್ದಾಗಲೂ ಕೆಲಸ ಮಾಡುತ್ತಲೇ ಇರುತ್ತದೆ. ಮಾನೊಪಾಡ್, ದೊಡ್ಡ ಬ್ಯಾಗು, ಬ್ಯಾಟರಿ ಗ್ರಿಪ್ ಯಾವುದೂ ಈ ಲೆನ್ಸ್‌ಗೆ ಬೇಡ. ಆ ದುಡ್ಡನ್ನು ವೇಗದ ಮೆಮೊರಿ ಕಾರ್ಡಿಗೆ ಹಾಕಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹೊರಮೈಯ ಗೀರುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿನ ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ಎರಡು ಸಾಲು ಸಣ್ಣ ಪಿನ್‌ಗಳಿರುತ್ತವೆ. ಹಿಂದಿನವರು ಕಾರ್ಡನ್ನು ಓರೆಯಾಗಿ ತುರುಕಿದ್ದರೆ ಒಂದಾದರೂ ಬಾಗಿರುತ್ತದೆ, ಹಾಗಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಶಟರ್‌ನ ಆಯುಷ್ಯವನ್ನು ಕಂಪನಿ 2 ಲಕ್ಷ ಸಲ ಎಂದು ಹೇಳಿದೆ, ಎಷ್ಟು ಸವೆದಿದೆ ಎಂದು ಮಾರುವವರನ್ನು ಕೇಳಿ. ಕೊನೆಗೆ ಹಳೆಯ ಟ್ಯೂಬ್‌ಲೈಟ್ ಇರುವ ಕೋಣೆಯೊಂದಕ್ಕೆ ಹೋಗಿ, 1/1000 ವೇಗದಲ್ಲಿ ಗೋಡೆಯತ್ತ ಹತ್ತು ಫ್ರೇಮ್ ಹೊಡೆಯಿರಿ, ಆಂಟಿ-ಫ್ಲಿಕರ್ ಹಾಕಿ ಮತ್ತೆ ಹತ್ತು. ಎರಡನೆಯ ಹತ್ತರಲ್ಲಿ ಗೋಡೆ ಒಂದೇ ಬಣ್ಣದಲ್ಲಿ ನಿಂತರೆ ವ್ಯಾಪಾರ ಮುಗಿಸಿ. ಇದೇ ಕ್ಯಾಮೆರಾ ಸಿಗದಿದ್ದರೆ ಕ್ಯಾನನ್ 80ಡಿ, ನಿಕಾನ್ ಡಿ500, ಡಿ7500 ಇವುಗಳಲ್ಲೂ ಮಿನುಗು ತಡೆಯುವ ಸೌಲಭ್ಯವಿದೆ. ಅವುಗಳಲ್ಲಿ ಡಿ500 ಸಿಕ್ಕರೆ ಬಿಡಬೇಡಿ.